ಮೂರೋ, ಎಂಟೋ?

ಪರರ ಆಸ್ತಿಪಾಸ್ತಿಯ ಕಾಗದಗಳನ್ನು ಬರೆದು ಬದುಕುವವನು ನಾನು. ಪಾಂಡವಪುರದಲ್ಲಿ ನನ್ನದೊಂದು ಚಿಕ್ಕ ಕೋಣೆ ಉಂಟು. ಅದರೊಳಗೆ ಒಂದು ಮೇಜು, ಎರಡು ಬೆಂಚು, ಒಂದು ಕಂಪ್ಯೂಟರು. ಜನ ನನ್ನನ್ನು ಪತ್ರಬರಹಗಾರರೆಂದು ಕರೆಯುತ್ತಾರೆ. ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ, ಉಯಿಲು—ಇವೇ ನನ್ನ ಗದ್ಯಕೃತಿಗಳು. ಇವುಗಳಿಗೆ ವಿಮರ್ಶಕರಿಲ್ಲವೆಂದು ವಾಚಕರು ಭಾವಿಸಬಾರದು. ಕಥೆಯಲ್ಲಿ ಒಂದು ಅಕ್ಷರ ತಪ್ಪಿದರೆ ಓದಿದವರು ಕ್ಷಮಿಸುತ್ತಾರೆ. ಪತ್ರದಲ್ಲಿ ಒಂದು ಅಂಕಿ ತಪ್ಪಿದರೆ ಎರಡು ಮನೆತನಗಳು ಮೂರು ತಲೆಮಾರು ನ್ಯಾಯಾಲಯದ ಮೆಟ್ಟಿಲು ಸವೆಸುತ್ತವೆ.

ನಾನು ಈ ವೃತ್ತಿಗೆ ಬಂದಾಗ ಛಾಪಾಕಾಗದದ ಮೇಲೆ ಕೈಯಲ್ಲೇ ಬರೆಯುತ್ತಿದ್ದೆ. ಅನಂತರ ಬೆರಳಚ್ಚು ಯಂತ್ರ ಬಂದಿತು. ಅದರ ಹಿಂದೆಯೇ ಕಂಪ್ಯೂಟರು. 2000ದ ಸುಮಾರಿನಲ್ಲಿ ‘ಭೂಮಿ’ ಯೋಜನೆಯಿಂದ ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಪಹಣಿ ಬಂದುದನ್ನೂ, 2023ರಲ್ಲಿ ನೋಂದಣಿಗೆ ‘ಕಾವೇರಿ 2.0’ ಬಂದುದನ್ನೂ ಕಂಡಿದ್ದೇನೆ. ಈಗ ಓದುವುದು, ತಿದ್ದುವುದು, ತಾಳೆ ನೋಡುವುದು ಎಲ್ಲವೂ ಪರದೆಯ ಮೇಲೆಯೇ. ದಿನಕ್ಕೆ ಎಂಟು ಗಂಟೆಯ ಕಾಲ ಅದರ ಮುಖ ನೋಡುತ್ತೇನೆ. ತನ್ನ ಮುಖವನ್ನು ನಾನು ಇಷ್ಟು ಶ್ರದ್ಧೆಯಿಂದ ಎಂದೂ ನೋಡಿದ್ದಿಲ್ಲವೆಂದು ನನ್ನ ಹೆಂಡತಿಯ ಆಕ್ಷೇಪಣೆ.

ಇಂತಹ ವಸ್ತುವನ್ನು ನಾನು ಆರಿಸಿದ ರೀತಿಯನ್ನು ಹೇಳಿದರೆ ನಗುತ್ತೀರಿ. 2013ರಲ್ಲಿ ಕಂಪ್ಯೂಟರು ಕೊಳ್ಳುವಾಗ ಯಂತ್ರದ ವಿಷಯವಾಗಿ ಹತ್ತು ಜನರನ್ನು ವಿಚಾರಿಸಿದೆ. ಪರದೆಯ ವಿಷಯವಾಗಿ ಒಬ್ಬರನ್ನೂ ಕೇಳಲಿಲ್ಲ. ಎಮ್ಮೆ ಕೊಂಡವನಿಗೆ ಹಗ್ಗ ಜೊತೆಯಲ್ಲಿ ಬರುವಂತೆ ಹದಿನೆಂಟೂವರೆ ಅಂಗುಲದ ಮಾನಿಟರೊಂದು ಮನೆಗೆ ಬಂದಿತು. ಅದು ಕೆಡಲಿಲ್ಲ, ಕೆಡದುದರಿಂದ ನಾನೂ ಬದಲಾಯಿಸಲಿಲ್ಲ.

ಹೋದ ವರ್ಷ ದಸರೆಗೆ ಮುಂಚೆ ನಮ್ಮ ತಾಲ್ಲೂಕಿನ ಹಳ್ಳಿಯೊಂದರಿಂದ ಎಂಬತ್ತರ ಸಮೀಪದ ಅಜ್ಜಿಯೊಬ್ಬರು ಉಯಿಲು ಬರೆಸಲು ಬಂದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು; ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಅನುಕೂಲವಾಗಿದ್ದಾಳೆ, ಚಿಕ್ಕವಳು ತೌರಿಗೆ ಮರಳಿ ತಾಯಿಯ ಆರೈಕೆಯಲ್ಲಿದ್ದಾಳೆ. ನಾಲೆಯ ಕೆಳಗಿನ ಹದಿನೆಂಟು ಗುಂಟೆ ಗದ್ದೆ ಚಿಕ್ಕವಳಿಗೆ ಸೇರಬೇಕೆಂಬುದು ಅಜ್ಜಿಯ ಇಚ್ಛೆ. ಪಹಣಿಯ ಚಿತ್ರವನ್ನು ಮೊಮ್ಮಗನು ಫೋನಿನಲ್ಲಿ ತೆಗೆದು ಕಳುಹಿಸಿದ್ದನು. ಅದನ್ನು ಪರದೆಯ ಮೇಲೆ ನೋಡಿಕೊಂಡು ಉಯಿಲು ಬರೆದೆ, ಗಟ್ಟಿಯಾಗಿ ಓದಿ ಹೇಳಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ನೋಂದಣಿಯೂ ಆಯಿತು.

ದೀಪಾವಳಿಗೆ ಬಂದಿದ್ದ ನನ್ನ ಮಗಳು ಕಡತಗಳನ್ನು ಜೋಡಿಸಿಕೊಡುತ್ತಿದ್ದಳು. ಉಯಿಲಿನ ಪ್ರತಿಯನ್ನು ಒಂದು ಕೈಯಲ್ಲಿ, ಪಹಣಿಯ ಚಿತ್ರವಿದ್ದ ಫೋನನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, “ಅಪ್ಪ, ಇಲ್ಲಿ ಹಿಸ್ಸಾ 3 ಎಂದಿದೆ. ನೀವು 8 ಎಂದು ಬರೆದಿದ್ದೀರಿ” ಎಂದಳು.

ನಾನು ನಂಬಲಿಲ್ಲ. ಅದೇ ಚಿತ್ರವನ್ನು ನನ್ನ ಪರದೆಯ ಮೇಲೆ ತೆರೆದೆ. ಅಂಗೈಯಗಲದ ಫೋನಿನಲ್ಲಿ 3 ನಿಚ್ಚಳವಾಗಿ ನಿಂತಿದ್ದಿತು. ಮೇಜಿನಗಲದ ನನ್ನ ಮಾನಿಟರಿನಲ್ಲಿ ಅದು ಕಪ್ಪು ಹಿಟ್ಟಿನ ಮುದ್ದೆಯಂತೆ, ಮೂರೂ ಆಗದೆ ಎಂಟೂ ಆಗದೆ ಕುಳಿತಿದ್ದಿತು. ಹಿಗ್ಗಿಸಿ ನೋಡಬೇಕೆಂಬ ಅನುಮಾನವೇ ಆ ದಿನ ನನಗೆ ಹುಟ್ಟಿರಲಿಲ್ಲ. ತಪ್ಪು ಪರದೆಯದೆಂದು ನಾನು ಹೇಳಲಾರೆ. ತಪ್ಪು ನನ್ನದೇ, ಪರದೆಯದು ಕುಮ್ಮಕ್ಕು.

ಆ ರಾತ್ರಿ ನಿದ್ದೆ ಬರಲಿಲ್ಲ. ಕ್ರಯಪತ್ರವಾಗಿದ್ದರೆ ಖಾತೆ ಬದಲಾಯಿಸುವ ಹೊತ್ತಿಗೆ ತಪ್ಪು ಹೊರಬೀಳುತ್ತಿತ್ತು. ಉಯಿಲು ಹಾಗಲ್ಲ; ಬರೆಸಿದವರು ಕಣ್ಣು ಮುಚ್ಚಿದ ಮೇಲೆ ಅದು ಕಣ್ಣು ತೆರೆಯುತ್ತದೆ. ಬೆಳಗಾಗುತ್ತಲೇ ಸ್ಕೂಟರ್ ಏರಿ ಆ ಹಳ್ಳಿಗೆ ಹೋಗಿ ಜಗಲಿಯ ಮೇಲೆ ಕುಳಿತು ನಡೆದುದೆಲ್ಲವನ್ನೂ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗೇನು, ನಾನಿನ್ನೂ ಇದ್ದೀನಲ್ಲ ಸ್ವಾಮಿ, ತಿದ್ದಿಬುಡಿ. ನಾನು ಸತ್ತೋದ ಮೇಲೆ ಗೊತ್ತಾಗಿದ್ರೆ ಯಾರನ್ನ ಕೇಳ್ತಿದ್ರಿ?” ಎಂದರು. ಬೈದಿದ್ದರೆ ಸಹಿಸಬಹುದಾಗಿತ್ತು. ಅದೇ ವಾರ ಹಿಂದಿನ ಉಯಿಲನ್ನು ರದ್ದುಪಡಿಸಿ ಹೊಸದನ್ನು ಬರೆದು ನೋಂದಾಯಿಸಿದೆವು. ಪ್ರತಿ ಅಂಕಿಯನ್ನೂ ಭೂತಗನ್ನಡಿ ಹಿಡಿದು ನೋಡಿದೆ, ಮಗಳೂ ನೋಡಿದಳು.

ಕಣ್ಣೇ ಕೆಟ್ಟಿತೇನೋ ಎಂದು ಮಂಡ್ಯದ ಕಣ್ಣಿನ ವೈದ್ಯರ ಬಳಿಗೆ ಹೋದೆ. ಅವರು ಪರೀಕ್ಷಿಸಿ, “ಕನ್ನಡಕ ಸರಿಯಾಗಿದೆ. ಆದರೆ ಇದರ ಕೆಳಭಾಗ ಪುಸ್ತಕ ಓದುವ ದೂರಕ್ಕೆ, ಮೇಲ್ಭಾಗ ದೂರದ ನೋಟಕ್ಕೆ. ನಿಮ್ಮ ಪರದೆ ಇವೆರಡರ ನಡುವೆ ಇರುತ್ತದೆ. ಅದಕ್ಕೆಂದೇ ಬೇರೊಂದು ಕನ್ನಡಕ ಬೇಕು” ಎಂದರು. ಹೊಸ ಕನ್ನಡಕ ಬಂದಿತು. ಕತ್ತಿನ ನೋವು ಹೋಯಿತು. ಆದರೆ ಮುದ್ದೆ ಮುದ್ದೆಯಾಗಿಯೇ ಉಳಿಯಿತು. ಇಲ್ಲದ ರೇಖೆಯನ್ನು ಯಾವ ಕನ್ನಡಕ ತಾನೇ ತೋರಿಸೀತು? ಪರದೆಯನ್ನೇ ಬದಲಾಯಿಸುವುದೆಂದು ಆಗ ನಿಶ್ಚಯಿಸಿದೆ.

ಶ್ರೀರಂಗಪಟ್ಟಣದಲ್ಲಿ ನನ್ನ ಸೋದರಳಿಯನೊಬ್ಬನು ಮದುವೆಯ ಚಿತ್ರಗಳನ್ನು ತೆಗೆಯುವ ಸ್ಟುಡಿಯೋ ಇಟ್ಟಿದ್ದಾನೆ. ಮೊದಲು ಅವನಲ್ಲಿಗೆ ಹೋದೆ. “ಮಾವ, ಅತ್ತೆ ಬಾಗಿಲಿಗೆ ಇಡುವ ಚುಕ್ಕಿ ರಂಗೋಲಿಯನ್ನು ನೋಡಿದ್ದೀರಲ್ಲ, ಪರದೆಯೂ ಅದೇ” ಎಂದು ಅವನು ಪಾಠ ಆರಂಭಿಸಿದನು. ನನ್ನ ಹಳೆಯ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳು; ಒಟ್ಟು ಹತ್ತೂವರೆ ಲಕ್ಷದಷ್ಟು. ಅವನ ಇಪ್ಪತ್ತೇಳು ಅಂಗುಲದ ‘ಫೋರ್ ಕೆ’ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160. ಒಟ್ಟು ಎಂಬತ್ತೆರಡು ಲಕ್ಷಕ್ಕೂ ಮೇಲೆ. ನನ್ನ ಚುಕ್ಕಿಯ ಅಗಲ 0.30 ಮಿಲಿಮೀಟರು, ಅವನದು 0.16. ಒಳ್ಳೆಯ ಕಣ್ಣು 60 ಸೆಂಟಿಮೀಟರು ದೂರದಿಂದ ಬೇರ್ಪಡಿಸಿ ನೋಡಬಲ್ಲುದು ಸುಮಾರು 0.17 ಮಿಲಿಮೀಟರಿನವರೆಗೆ. ಎಂದರೆ, ಅವನ ಪರದೆಯಲ್ಲಿ ಚುಕ್ಕಿ ಕಣ್ಣಿಗೆ ಬೀಳದು, ಅಕ್ಷರ ಮಾತ್ರ ಬೀಳುತ್ತದೆ. ನನ್ನದರಲ್ಲಿ ಅಕ್ಷರಕ್ಕಿಂತ ಮೊದಲು ಚುಕ್ಕಿ ಬೀಳುತ್ತದೆ.

ಸಂಜೆ ಇಬ್ಬರೂ ದರಿಯಾ ದೌಲತ್ತಿನ ಕಡೆ ನಡೆದೆವು. 1784ರ ಆ ಅರಮನೆಯ ಗೋಡೆಯ ಮೇಲಿನ ಪೊಳ್ಳಿಲೂರಿನ ಯುದ್ಧದ ಚಿತ್ರವನ್ನು ನಾನು ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ. ದೂರ ನಿಂತರೆ ದಂಡು, ಹತ್ತಿರ ಹೋದರೆ ಒಬ್ಬೊಬ್ಬ ಸವಾರನ ಮೀಸೆ. “ನೀವು ಎಷ್ಟು ದೂರ ಕೂರುತ್ತೀರಿ ಎಂಬುದೇ ಮುಖ್ಯ ಮಾವ. ಗೋಡೆಯಾಚೆಯಿಂದ ನೋಡುವವನಿಗೆ ನನ್ನ ಪರದೆ ದಂಡ” ಎಂದನು ಅಳಿಯ. ಮನೆಗೆ ಬಂದು ಟೇಪು ಹಿಡಿದು ಅಳೆದೆ: ನನ್ನ ಕಣ್ಣಿನಿಂದ ಪರದೆಗೆ ಸರಿಯಾಗಿ 60 ಸೆಂಟಿಮೀಟರು.

ಅನಂತರ ಗೃಹಪ್ರವೇಶಕ್ಕೆಂದು ಕೆ.ಆರ್. ಪೇಟೆಗೆ ಹೋಗಬೇಕಾಯಿತು. ಅಲ್ಲಿ ನನ್ನಂತೆಯೇ ಪತ್ರ ಬರೆಯುವ ಮಿತ್ರರಿದ್ದಾರೆ. ಅವರು ಮೂವತ್ತೆರಡು ಅಂಗುಲದ ಪರದೆಯನ್ನು ತಂದು ಹೆಮ್ಮೆಯಿಂದ ನಿಲ್ಲಿಸಿದ್ದರು. ಬೆಲೆಯೂ ಅಳಿಯನದಕ್ಕಿಂತ ಕಡಮೆ. ಮನಸ್ಸು ಅತ್ತ ವಾಲಿತು. ಹತ್ತಿರ ಹೋಗಿ ನೋಡಿದರೆ ಪ್ರತಿ ಅಕ್ಷರದ ಅಂಚೂ ಗರಗಸದ ಹಲ್ಲು! ಅಗಲವೇನೋ ದೊಡ್ಡದು, ಚುಕ್ಕಿಗಳು ಮಾತ್ರ 1920ಕ್ಕೆ 1080. ಒಂದೊಂದು ಚುಕ್ಕಿಯೂ 0.37 ಮಿಲಿಮೀಟರು, ನನ್ನ ಹಳೆಯದಕ್ಕಿಂತಲೂ ಒರಟು. ಮಜ್ಜಿಗೆಗೆ ನೀರು ಬೆರೆಸಿದರೆ ಪಾತ್ರೆ ತುಂಬೀತು, ಬೆಣ್ಣೆ ಹೆಚ್ಚೀತೆ?

ಮರಳುವ ಮುನ್ನ ಹೊಸಹೊಳಲಿಗೆ ಹೋಗಿ ಲಕ್ಷ್ಮೀನಾರಾಯಣನ ದರ್ಶನ ಮಾಡಿದೆ. ಸುಮಾರು 1250ರ ಆ ಹೊಯ್ಸಳ ದೇವಾಲಯದ ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತಗಳ ಕಥೆಯನ್ನು ಗೇಣುದ್ದದ ಸಾಲಿನಲ್ಲಿ ಕೆತ್ತಿದ್ದಾರೆ; ಬೊಂಬೆಗಳ ಕೊರಳ ಸರದ ಮಣಿಗಳನ್ನು ಎಣಿಸಬಹುದು. ಅದು ಬಳಪದ ಕಲ್ಲು. ಅದರ ಕಣ ನುಣುಪು. ನಮ್ಮ ಕುಂತಿಬೆಟ್ಟದ ಒರಟು ಕಲ್ಲನ್ನು ಅದೇ ಶಿಲ್ಪಿಯ ಕೈಗೆ ಕೊಟ್ಟಿದ್ದರೆ ಅಷ್ಟು ಸಣ್ಣ ಮಣಿ ಮೂಡುತ್ತಿರಲಿಲ್ಲ. ರೇಖೆಯ ನಯ ಕೈಯಲ್ಲಿ ಎಷ್ಟಿದೆಯೋ ಕಲ್ಲಿನ ಕಣದಲ್ಲಿಯೂ ಅಷ್ಟೇ ಇದೆ.

ನಮ್ಮ ಲಿಪಿಗೆ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ಕಾಲು ಚಾಚಿ ಮಲಗುತ್ತವೆ. ಕನ್ನಡದವು ಎರಡಂತಸ್ತಿನ ಮನೆ ಕಟ್ಟಿಕೊಂಡಿವೆ. ಮೇಲೆ ತಲಕಟ್ಟು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು. ಸಾಮಾನ್ಯ ಪರದೆಯಲ್ಲಿ ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ದೊರೆಯುವುದು ಹದಿನಾರು ಚುಕ್ಕಿಗಳ ಎತ್ತರ. ಆ ಹದಿನಾರರಲ್ಲಿ ಮೇಲಿನವರೂ ಕೆಳಗಿನವರೂ ಹಂಚಿಕೊಂಡು ಬದುಕಬೇಕು. ಒಬ್ಬನು ಸಿದ್ದಯ್ಯ, ಇನ್ನೊಬ್ಬನು ಸಿದ್ಧಯ್ಯ. ಇಬ್ಬರ ನಡುವಿನ ವ್ಯತ್ಯಾಸ ಒತ್ತಿನ ಹೊಟ್ಟೆಯಡಿಯ ಒಂದು ಸಣ್ಣ ಗೀರು. ಚುಕ್ಕಿ ಸಾಲದೆ ಹೋದರೆ ಗೀರು ಹೋಗುತ್ತದೆ. ಗೀರಿನೊಡನೆ ಸಿದ್ಧಯ್ಯನೂ ಹೋಗುತ್ತಾನೆ.

ಕೊನೆಯ ಪಾಠ ನಾಗಮಂಗಲದಲ್ಲಾಯಿತು. ಅಲ್ಲಿ ನನ್ನ ಅಕ್ಕನ ಮನೆ. ಭಾವನವರು ನಿವೃತ್ತ ಉಪಾಧ್ಯಾಯರು. ಅವರ ಮಗನು ಥಳಥಳಿಸುವ ಪರದೆಯೊಂದನ್ನು ಕೊಡಿಸಿದ್ದನು. ನಾನು ಅದರ ಮುಂದೆ ಕುಳಿತಾಗ ಕಂಡುದು ಬೆನ್ನ ಹಿಂದಿನ ಕಿಟಕಿ, ಕಿಟಕಿಯಾಚೆಯ ತೆಂಗಿನ ಮರ ಮತ್ತು ನನ್ನ ಬೋಳುತಲೆ. ಅಕ್ಷರಗಳು ಇವುಗಳ ಸಂದಿಯಲ್ಲಿದ್ದವು. “ಹೊಳಪಿಲ್ಲದ ಪರದೆಯನ್ನೇ ಕೊಳ್ಳಿ. ಕಿಟಕಿ ಹಿಂದೆಯೂ ಬೇಡ, ಮುಂದೆಯೂ ಬೇಡ, ಪಕ್ಕಕ್ಕಿರಲಿ” ಎಂದು ಭಾವನವರು ಅನುಭವದ ಮಾತನ್ನು ಹೇಳಿದರು.

ಇಷ್ಟಾದ ಮೇಲೆ ಮೈಸೂರಿನ ಅಂಗಡಿಗೆ ಹೋದೆ. ಇಪ್ಪತ್ತನಾಲ್ಕು ಅಂಗುಲದ ಸಾಮಾನ್ಯ ಪರದೆ ಅಗ್ಗ, ಚುಕ್ಕಿ 0.28. ಇಪ್ಪತ್ತೇಳು ಅಂಗುಲದಲ್ಲಿ 2560ಕ್ಕೆ 1440ರ ಮಧ್ಯಮ ವರ್ಗದ್ದು 0.23. ಫೋರ್ ಕೆ 0.16. ಅಂಗಡಿಯವರು ಹುಲಿ ಜಿಗಿಯುವ ಚಿತ್ರವನ್ನು ತೋರಿಸಿದರು. ನನಗೆ ಹುಲಿಯಿಂದ ಆಗಬೇಕಾದುದೇನೂ ಇರಲಿಲ್ಲ. ಅಜ್ಜಿಯ ಪಹಣಿಯ ಚಿತ್ರವನ್ನು ಜೊತೆಯಲ್ಲಿ ಒಯ್ದಿದ್ದೆ. ಮೂರು ಪರದೆಗಳಲ್ಲಿಯೂ ಅದನ್ನೇ ತೆರೆಸಿ, 60 ಸೆಂಟಿಮೀಟರು ದೂರದಲ್ಲಿ ಕುಳಿತು ನೋಡಿದೆ. ಮೊದಲನೆಯದರಲ್ಲಿ ಅನುಮಾನ, ಎರಡನೆಯದರಲ್ಲಿ ಊಹೆ, ಮೂರನೆಯದರಲ್ಲಿ 3. ಇಪ್ಪತ್ತು ಸಾವಿರಕ್ಕೂ ಮೇಲೆ ಎಣಿಸಿಕೊಟ್ಟು ಮೂರನೆಯದನ್ನೇ ತಂದೆ.

ತಂದ ದಿನ ಎಲ್ಲವೂ ಸುಖವಾಗಿರಲಿಲ್ಲ. ಬಾಣದ ಗುರುತು ಪರದೆಯ ಮೇಲೆ ಕುಂಟುತ್ತ ಓಡುತ್ತಿತ್ತು. ನನ್ನ ಹಳೆಯ ಯಂತ್ರದ ಎಚ್‌ಡಿಎಂಐ ಕಿಂಡಿಯಿಂದ ಇಷ್ಟು ಚುಕ್ಕಿಗಳನ್ನು ಸೆಕೆಂಡಿಗೆ ಮೂವತ್ತು ಸಲ ಮಾತ್ರ ಕಳುಹಿಸಲು ಸಾಧ್ಯವೆಂದು ಅಳಿಯ ಬಂದು ತಿಳಿಸಿದನು. ಬೇರೊಂದು ಕಿಂಡಿಗೆ ಡಿಸ್‌ಪ್ಲೇಪೋರ್ಟ್ ತಂತಿ ಹಾಕಿದ ಮೇಲೆ ಅರುವತ್ತಾಗಿ ಕುಂಟು ನಿಂತಿತು. ಅಕ್ಷರಗಳು ಇರುವೆಯ ಸಾಲಿನಂತಿದ್ದವು. ಅಳತೆಯನ್ನು ನೂರಕ್ಕೆ 150 ಮಾಡಿದರೂ ಸಣ್ಣವೆನಿಸಿದವು, 175 ಮಾಡಿದಾಗ ಹದವಾಯಿತು. ಹದಿನಾರು ಚುಕ್ಕಿಯಲ್ಲಿ ಇಕ್ಕಟ್ಟಾಗಿದ್ದ ಅಕ್ಷರಕ್ಕೆ ಈಗ ಇಪ್ಪತ್ತೆಂಟು ಚುಕ್ಕಿಗಳ ಮನೆ. ನನ್ನಲ್ಲಿದ್ದ ಹಳೆಯ ತಂತ್ರಾಂಶವೊಂದು ಮಾತ್ರ ಈ ಹಿಗ್ಗಿಗೆ ಒಗ್ಗದೆ ಮಂಜು ಕವಿದಂತೆ ಕಾಣುತ್ತದೆ. ಅದನ್ನು ಮೆಲ್ಲನೆ ಬಿಡುತ್ತಿದ್ದೇನೆ.

ಆದರೂ ಒಂದು ಮಾತು. ಪರದೆ ಎಷ್ಟು ಸೂಕ್ಷ್ಮವಾದರೂ ಅದು ತೋರಿಸೀತೇ ಹೊರತು ನೋಡದು. ಈಗ ಪ್ರತಿ ಪತ್ರದ ಅಂಕಿಗಳನ್ನು ಎರಡು ಸಲ ಗಟ್ಟಿಯಾಗಿ ಓದುತ್ತೇನೆ; ಎರಡನೆಯ ಸಲ ಕೊನೆಯಿಂದ ಮೊದಲಿಗೆ.

ಮೊನ್ನೆ ಅಜ್ಜಿ ಮಗಳೊಡನೆ ಉಯಿಲಿನ ಪ್ರತಿಗಾಗಿ ಬಂದಿದ್ದರು. ಹೊಸ ಪರದೆಯನ್ನು ನೋಡಿ, ತಮ್ಮ ಗದ್ದೆಯ ನಂಬರು ಅದರಲ್ಲಿ ಕಾಣುವುದೇ ಎಂದು ಕೇಳಿದರು. ತೆರೆದು ತೋರಿಸಿದೆ. ಓದು ಬಾರದ ಅವರು ನಾನು ಬೆರಳಿಟ್ಟ 3ನ್ನು ಬಹಳ ಹೊತ್ತು ನೋಡಿ, “ಇದೇನಾ?” ಎಂದರು.

“ಇದೇ, ಅಜ್ಜಿ.”

“ಇಷ್ಟ್ ಸಣ್ಣದು ನೋಡಕ್ಕೆ ಅಷ್ಟ್ ದೊಡ್ಡದು ತಂದ್ರಾ ಸ್ವಾಮಿ?” ಎಂದು ಅವರು ಬೊಚ್ಚುಬಾಯಿ ತೆರೆದು ನಕ್ಕರು.