ಮರದ ನೆಲ, ಬಿರಿದ ಸಂದು

ಅಮೆರಿಕ, ಕೆನಡಾಗಳ ಬಹಳಷ್ಟು ಮನೆಗಳ ನೆಲ ನಿಂತಿರುವುದು ಮರದ ಜಂತೆಗಳ ಮೇಲೆ. ಸಾಮಾನ್ಯವಾಗಿ 16 ಅಂಗುಲಕ್ಕೊಂದು ಜಂತೆ, ಅದರ ಮೇಲೆ ಪ್ಲೈವುಡ್, ಅಡುಗೆಮನೆ ಬಚ್ಚಲುಗಳಲ್ಲಿ ಅದರ ಮೇಲೆ ಟೈಲು. ಬೇಸಿಗೆಯ ತೇವ ಹೀರಿ ಮರ ಉಬ್ಬುತ್ತದೆ, ಚಳಿಗಾಲದ ಹೀಟರಿನ ಒಣಗಾಳಿಗೆ ಸೊರಗುತ್ತದೆ, ಜನ ನಡೆದಾಗ ಒಂದಿಷ್ಟು ಬಾಗುತ್ತದೆ. ಟೈಲಿಗೆ ಬಾಗಲು ಬರದು. ಈ ಎಳೆದಾಟದಲ್ಲಿ ಮೊದಲು ಸೋಲುವುದು ಟೈಲುಗಳ ಸಂದಿಗೆ ತುಂಬುವ ಗಾರೆ, ಅಂದರೆ ಗ್ರೌಟ್. ಕಾಂಕ್ರೀಟಿನ ಮೇಲೆ ಟೈಲ್ಸ್ ಹಾಕಿಸಿ, ಸಂದಿಗೆ ವೈಟ್ ಸಿಮೆಂಟ್ ತುಂಬಿಸಿ ರೂಢಿಯಾದ ಕನ್ನಡಿಗರು ಅಲ್ಲಿ ಮನೆ ಕೊಂಡಾಗ ಈ ಬಿರುಕನ್ನು ಕಳಪೆ ಕೆಲಸವೆಂದೇ ಭಾವಿಸುತ್ತಾರೆ. ಕೆಲವೊಮ್ಮೆ ಅದು ನಿಜವೂ ಹೌದು.

ದುರಸ್ತಿಯ ಮೊದಲ ಹೆಜ್ಜೆ ಕಿವಿಯದು. ಸ್ಕ್ರೂಡ್ರೈವರಿನ ಹಿಡಿಯಿಂದ ಪ್ರತಿ ಟೈಲಿನ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೊಮ್ಮೆ ತಟ್ಟಬೇಕು. ಮಾರುಕಟ್ಟೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವಷ್ಟೇ ಗಮನ ಇಲ್ಲೂ ಬೇಕು. ಗಟ್ಟಿಯಾಗಿ ಕೂತ ಟೈಲು ಚುರುಕಾದ, ಮೊಟಕು ದನಿ ಕೊಡುತ್ತದೆ. ಕೆಳಗಿನ ಹಿಡಿತ ಬಿಟ್ಟದ್ದು ಟೊಳ್ಳಾಗಿ ಗುಂಯ್‌ಗುಡುತ್ತದೆ. ಫ್ರಿಜ್ಜು, ಫ್ಯಾನುಗಳ ಸದ್ದಡಗಿದ ಹೊತ್ತಿನಲ್ಲಿ ಈ ವ್ಯತ್ಯಾಸ ಸ್ಪಷ್ಟ. ಟೊಳ್ಳಿದ್ದಲ್ಲೆಲ್ಲ ಕಾಗದದ ಟೇಪು ಅಂಟಿಸುತ್ತ ಹೋದರೆ ನೆಲದ ಮೇಲೊಂದು ನಕ್ಷೆ ಮೂಡುತ್ತದೆ. ಇಡೀ ಕೆಲಸದಲ್ಲಿ ಇದರಷ್ಟು ಸೊಗಸಾದ ಭಾಗ ಇನ್ನೊಂದಿಲ್ಲ. ನಾಲ್ಕೂ ಸುತ್ತು ಬಿರಿದ ಒಂಟಿ ಟೈಲಿದ್ದರೆ ಅದು ಸಡಿಲಾಗಿದೆ. ಹಲವು ಟೈಲುಗಳನ್ನು ದಾಟಿ ನೇರ ಗೆರೆಯಾಗಿ ಓಡುವ ಬಿರುಕಿನ ಕೆಳಗೆ ಪ್ಲೈವುಡ್ ಹಲಗೆಗಳ ಜೋಡಣೆ ಇರುವ ಸಂಭವ ಹೆಚ್ಚು. ಗೋಡೆಯಂಚಿನಲ್ಲಷ್ಟೇ ಬಿರುಕಿದ್ದರೆ ನೆಲಕ್ಕೆ ಹಿಗ್ಗಲು ಜಾಗ ಬಿಟ್ಟಿಲ್ಲ. ಎಲ್ಲೆಡೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಮಾತ್ರ ತಪ್ಪು ಗ್ರೌಟಿನದು: ಕಲಸುವಾಗ ನೀರು ಹೆಚ್ಚಾಗಿರುತ್ತದೆ.

ಇಷ್ಟನ್ನೂ ನೋಡದೆ ಬಿರುಕಿನ ಮೇಲೆಯೇ ಹೊಸ ಗ್ರೌಟ್ ಸವರಿ ದುಡ್ಡು ಎಣಿಸಿಕೊಂಡು ಹೋಗುವವರು ಈ ಕಸುಬಿನ ಮರ್ಯಾದೆ ಕಳೆಯುತ್ತಿದ್ದಾರೆ. ಹಳೆಯದರ ಮೇಲಿನ ಆ ತೆಳು ಪದರಕ್ಕೆ ಹಿಡಿದುಕೊಳ್ಳಲು ಅಂಚೇ ಇಲ್ಲ. ಬೇಗನೆ ಚಕ್ಕೆ ಏಳುತ್ತದೆ. ಎಪಾಕ್ಸಿ ತುಂಬಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರದು ಇನ್ನೊಂದು ಪಂಗಡ. ಎಪಾಕ್ಸಿ ಗಟ್ಟಿ, ಕಲೆ ಹಿಡಿಯದು, ನಿಜ. ಆದರೆ ಅಲುಗಾಡುವ ನೆಲವನ್ನು ಅದು ನಿಲ್ಲಿಸಲಾರದು. ಎಲ್ಲಕ್ಕಿಂತ ಸಿಟ್ಟು ಬರಿಸುವುದು ಟೈಲಿನಡಿ ಹಾಸುವ ಸಿಮೆಂಟ್ ಬೋರ್ಡಿನ ಬಗೆಗಿನ ನಂಬಿಕೆ. ಆ ಬೋರ್ಡು ನೆಲಕ್ಕೆ ಬಿಗುವು ಕೊಡುವುದಿಲ್ಲ, ಟೈಲು ಅಂಟಲು ಹದವಾದ ಮೈ ಒದಗಿಸುತ್ತದೆ, ಅಷ್ಟೇ. ಅದರಡಿ ಥಿನ್‌ಸೆಟ್ ಗಾರೆ ಹರಡಿ ಟೊಳ್ಳು ತುಂಬಬೇಕೆಂದು ತಯಾರಕರೇ ಹೇಳಿದರೂ ಬರೀ ಸ್ಕ್ರೂ ಬಿಗಿದು ಮುಂದೆ ಹೋಗುವವರಿಗೆ ಲೆಕ್ಕವಿಲ್ಲ. ಆ ಸೋಮಾರಿತನದ ಬೆಲೆ ತೆರುವವರು ಮನೆಯವರು.

ಬಿಗುವಿಗೆ ಅಳತೆಯಿದೆ. ಸೆರಾಮಿಕ್ ಟೈಲಿಗೆ ಜಂತೆಯ ಬಾಗು ಅದರ ಹರವಿನ 360ನೇ ಒಂದು ಭಾಗ ಮೀರಬಾರದು; 15 ಅಡಿ ಹರವಿಗೆ ಅದು ಅರ್ಧ ಅಂಗುಲ. ಅಮೃತಶಿಲೆಯಂಥ ಕಲ್ಲಿಗೆ ಮಿತಿ 720ನೇ ಒಂದು ಭಾಗ. ಕೆಳಗೆ ನೆಲಮಾಳಿಗೆಯಿದ್ದು ಜಂತೆ ಕೈಗೆ ಸಿಗುವಂತಿದ್ದರೆ ಒಂದರ ಮಗ್ಗುಲಿಗೆ ಇನ್ನೊಂದನ್ನು ಜೋಡಿಸಿ, ನಡುನಡುವೆ ಅಡ್ಡಮರ ಬಡಿದು ಬಿಗಿ ಮಾಡಬಹುದು. ನೆಲದ ತುಂಬ ಟೊಳ್ಳಿದ್ದರೆ ಕಿತ್ತು ಹೊಸದಾಗಿ ಹಾಕುವುದೇ ಸರಿ. ಆಗ ಪ್ಲೈವುಡ್ಡಿಗೂ ಟೈಲಿಗೂ ನಡುವೆ ಎರಡನ್ನೂ ಬಿಡಿಯಾಗಿಡುವ ಹಾಳೆ ಹಾಸಬೇಕು. ಜರ್ಮನಿಯ ಶ್ಲೂಟರ್ ಕಂಪನಿ 1987ರಲ್ಲಿ ತಂದ ಡಿಟ್ರಾ ಈ ಬಗೆಯದು: ಮರದ ಅಡ್ಡ ಸರಿದಾಟ ಟೈಲಿಗೆ ಮುಟ್ಟದಂತೆ ಅದು ತಡೆಯುತ್ತದೆ.

ಒಂದೆರಡು ಟೈಲು ಮಾತ್ರ ಸಡಿಲವಾಗಿದ್ದರೆ ಎಬ್ಬಿಸಿ, ಹಳೆಯ ಗಾರೆ ಕೆರೆದು ಮತ್ತೆ ಕೂರಿಸಬೇಕು. ಬಳಿಕ ಸಂದಿನ ಸರದಿ. ಹಳೆಯ ಗ್ರೌಟನ್ನು ಆಳದ ಮೂರನೇ ಎರಡು ಪಾಲಾದರೂ ತೆಗೆಯಬೇಕು. ಅದುರುವ ಬ್ಲೇಡಿನ ಯಂತ್ರ ವೇಗದ್ದು, ಟೈಲಿನಂಚಿಗೆ ಅಪಾಯಕಾರಿ. ಕೈಗರಗಸ ನಿಧಾನವಾದರೂ ನಂಬಬಹುದು. ಧೂಳನ್ನು ವ್ಯಾಕ್ಯೂಮಿನಿಂದ ಎಳೆದು, ಸಂದು ಎಂಟನೇ ಒಂದು ಅಂಗುಲಕ್ಕಿಂತ ಕಿರಿದಾಗಿದ್ದರೆ ಮರಳಿಲ್ಲದ ಗ್ರೌಟ್, ಅಗಲವಿದ್ದರೆ ಮರಳಿನದು ಕಲಸಬೇಕು. ಕಲಸಿದ್ದನ್ನು ಕೆಲ ನಿಮಿಷ ಬಿಟ್ಟು, ನೀರು ಸೇರಿಸದೆ ಮತ್ತೆ ಕಲಸಿ, ರಬ್ಬರ್ ಕರಣೆಯನ್ನು ಓರೆಯಾಗಿ ಎಳೆಯುತ್ತ ಒತ್ತಿ ತುಂಬಬೇಕು. ಒರೆಸುವ ಸ್ಪಂಜು ಚೆನ್ನಾಗಿ ಹಿಂಡಿದ್ದಿರಲಿ, ಇಲ್ಲಿ ಸುರಿದ ನೀರೂ ಗ್ರೌಟನ್ನು ಬಲಗೆಡಿಸುತ್ತದೆ.

ನೆಲ ಗೋಡೆಗೆ, ಬಾತ್‌ಟಬ್ಬಿಗೆ, ಬಾಗಿಲ ಹೊಸ್ತಿಲಿಗೆ ಸೇರುವ ಅಂಚಿಗೆ ಗ್ರೌಟ್ ಬೇಡವೇ ಬೇಡ. ಅಲ್ಲಿ ಕಾಲು ಅಂಗುಲದಷ್ಟು ತೆರವು ಬಿಟ್ಟು, ಕಣ್ಣಿಗೆ ಕಾಣುವಲ್ಲಿ ಗ್ರೌಟಿನದೇ ಬಣ್ಣದ ಸಿಲಿಕೋನ್ ತುಂಬಬೇಕು; ಉಳಿದ ಕಡೆ ಗೋಡೆಬುಡದ ಪಟ್ಟಿ ಆ ತೆರವನ್ನು ಮುಚ್ಚುತ್ತದೆ.