ಕಳೆದುಹೋದ ಊರು

ನಮ್ಮದು ಉಮ್ಮತ್ತೂರು. ಕೃಷ್ಣದೇವರಾಯನಿಗೇ ಎದುರು ನಿಂತ ಪಾಳೆಯಗಾರರ ಊರೆಂಬ ಜಂಬ ನಮಗೆ. ಅಂಥ ಊರು ಒಂದು ದಿನ ನಮ್ಮ ಆಫೀಸಿನ ಪಟ್ಟಿಯಿಂದ ಮಾಯವಾಗಿತ್ತು! ವೃದ್ಧಾಪ್ಯ ವೇತನ ನಿಂತುಹೋದವರ ಪಟ್ಟಿ ಅದು. ಅಚ್ಚಾದ ಕಾಗದವಾಗಿದ್ದರೆ, ನಮ್ಮೂರಲ್ಲಿ ಯಾರಿಗೂ ನಿಂತಿಲ್ಲವೆಂದು ನಾನೂ ಸುಮ್ಮನಾಗುತ್ತಿದ್ದೆನೇನೋ. ಆದರೆ ಎದುರು ಮೇಜಿನ ಗೆಳೆಯ ಪಟ್ಟಿಯ ಬದಲು ಒಂದು ಲಿಂಕ್ ಕಳಿಸಿದ್ದ. ಒತ್ತಿದೊಡನೆ ಅವನು ಡೇಟಾಬೇಸಿಗೆ ಕೇಳಿದ ಪ್ರಶ್ನೆಯೇ ತೆರೆದುಕೊಂಡಿತು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಂದೇ 'ಟಿ' ಹಾಕಿ ಬರೆದಿದ್ದ, ದಾಖಲೆಯಲ್ಲಿ ಎರಡಿದ್ದವು. ಇನ್ನೊಂದು ಸೇರಿಸಿದೆ. ಊರು ಬಂತು, ನಮ್ಮ ಬೀದಿಯ ಅಜ್ಜಿಯ ಹೆಸರೂ ಬಂತು.

ಈ ಉಪಾಯ ಹಳೆಯದೇ. 1898ರಲ್ಲಿ ಬಿ. ಎಲ್. ರೈಸ್ ಎಪಿಗ್ರಾಫಿಯ ಕರ್ನಾಟಿಕದ 4ನೆಯ ಸಂಪುಟ ತಂದಾಗ ಚಾಮರಾಜನಗರ, ಗುಂಡ್ಲುಪೇಟೆಗಳ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಹಾಕಿದರು. ಯಾರೇ ಏನೇ ಬರೆದರೂ ಜೊತೆಗೆ ಆ ಸಂಖ್ಯೆ ಕೊಟ್ಟರಾಯಿತು. ಓದುವವನು ಶಾಸನದ ಪಾಠವನ್ನೇ ತೆರೆದು ತಪ್ಪು ಹಿಡಿಯಬಹುದು. ಬರೀ ಉತ್ತರ ಕೊಟ್ಟರೆ ನಂಬಬೇಕಾಗುತ್ತದೆ. ಪ್ರಶ್ನೆಯನ್ನೂ ಕೊಟ್ಟರೆ ತಿದ್ದಬಹುದು.

ಅಜ್ಜಿಗೆ ಇದನ್ನೆಲ್ಲ ವಿವರಿಸಲಿಲ್ಲ. "ನಿಮ್ಮೆಸ್ರು ಸಿಕ್ತು ಕಣಜ್ಜಿ" ಎಂದೆ.

"ಎಲ್ಲೋಗಿತ್ತು ಮಗ?" ಎಂದರು.