ಜೊತೆಯ ಓದು

ದೂರದ ಊರಿಗೆ ಹೊರಡುವವರು ಬುತ್ತಿ ಕಟ್ಟಿಕೊಳ್ಳುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಒಣರೊಟ್ಟಿ, ಶೇಂಗಾ ಚಟ್ನಿಪುಡಿ, ನಾಲ್ಕು ಉಂಡೆ ಇಷ್ಟು ಗಂಟಿನಲ್ಲಿದ್ದರೆ ಎಷ್ಟು ದೂರ ಹೋದರೂ ಮನೆಯ ನಂಟು ತಪ್ಪುವುದಿಲ್ಲ. ಆದರೆ ಪ್ರವಾಸಿಗೆ ಹೊಟ್ಟೆಯ ಹಸಿವಿನಂತೆ ಕಣ್ಣಿನ ಹಸಿವೂ ಉಂಟು. ಏನನ್ನೂ ತಿಳಿಯದೆ ನೋಡುವ ಕಣ್ಣಿಗೆ ಅರಮನೆಯೂ ಕಲ್ಲು, ಗುಡಿಯೂ ಕಲ್ಲು. ಪುಸ್ತಕವೇ ಕಣ್ಣಿನ ಬುತ್ತಿ. ಆ ಬುತ್ತಿಯನ್ನು ಒಬ್ಬರೇ ಉಣ್ಣುವುದಕ್ಕಿಂತ ಇಬ್ಬರು ಹಂಚಿಕೊಂಡರೆ ರುಚಿ ಹೆಚ್ಚು ಎಂಬುದನ್ನು ನಾನೂ ನನ್ನ ಪತ್ನಿಯೂ ಇಟಲಿಯ ಪ್ರವಾಸದಲ್ಲಿ ಕಂಡುಕೊಂಡೆವು.

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಸಿಗುವ ಮಲಪನಗುಡಿ ನಮ್ಮೂರು. ವಿಜಯನಗರದ ಕಾಲದ ಮಲ್ಲಿಕಾರ್ಜುನ ದೇವಾಲಯ ಇಲ್ಲಿದೆ. ಹಂಪಿಯನ್ನು ನೋಡಬಂದ ಹೊರನಾಡಿನವರು ಕೈಯಲ್ಲೊಂದು ಪುಸ್ತಕ ಹಿಡಿದು, ನಿಂತು ಓದುತ್ತ, ಓದಿ ನೋಡುತ್ತ ಸಾಗುವುದನ್ನು ನಾವು ಬಹುಕಾಲದಿಂದ ಕಂಡವರು. ಐದಾರು ನೂರು ವರ್ಷಗಳ ಹಿಂದೆಯೇ ಇಟಲಿಯ ಕೆಲವರು ಈ ನೆಲಕ್ಕೆ ಬಂದು, ಕಂಡದ್ದನ್ನು ಹೇಳಿ ಹೋಗಿದ್ದಾರೆ. ನಮ್ಮ ನಾಡನ್ನು ನೋಡಿದವರ ನಾಡನ್ನು ನಾವೂ ಒಮ್ಮೆ ನೋಡಬೇಕೆಂಬ ಆಸೆ ನಮ್ಮಿಬ್ಬರಲ್ಲಿಯೂ ಇತ್ತು. ಶಾಲೆಯ ಕೆಲಸದಿಂದ ಇಬ್ಬರೂ ನಿವೃತ್ತರಾದ ಮೇಲೆ, ಉಳಿಸಿದ ಹಣದಲ್ಲಿ ಆ ಆಸೆ ಕೈಗೂಡಿತು.

ಹೊರಡುವ ಮುನ್ನ ನಾವು ಒಂದು ಕರಾರು ಮಾಡಿಕೊಂಡೆವು. ನಾನು ಓದಬೇಕಾದ ಪುಸ್ತಕವನ್ನು ಆಕೆ ಆರಿಸಬೇಕು. ಆಕೆ ಓದಬೇಕಾದುದನ್ನು ನಾನು ಆರಿಸಬೇಕು. ಓದಿದ್ದನ್ನು ರಾತ್ರಿ ಊಟವಾದ ಮೇಲೆ ಒಬ್ಬರಿಗೊಬ್ಬರು ಹೇಳಬೇಕು. ನಾನು ಆಕೆಗಾಗಿ ಆರಿಸಿದ್ದು ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆ. ಮರೆತುಹೋದ ಸಾಮ್ರಾಜ್ಯವೆಂಬುದು ಅದರ ಹೆಸರಿನ ಅರ್ಥ. ಆಕೆ ನನಗಾಗಿ ಆರಿಸಿದ್ದು ಪಿಯೆಟ್ರೊ ಡೆಲ್ಲಾ ವಲ್ಲೆ ಎಂಬ ರೋಮಿನ ಶ್ರೀಮಂತನು ಭಾರತದಿಂದ ತನ್ನ ಗೆಳೆಯನಿಗೆ ಬರೆದ ಪತ್ರಗಳ ಇಂಗ್ಲಿಷ್ ಅನುವಾದ. ಶಿವರಾಮ ಕಾರಂತರು ತಮ್ಮ ಯೂರೋಪು ಪ್ರವಾಸವನ್ನು ಕುರಿತು ಬರೆದ 'ಅಪೂರ್ವ ಪಶ್ಚಿಮ'ವನ್ನು ಇಬ್ಬರಿಗೂ ಸೇರಿದ ಬುತ್ತಿಯೆಂದು ಚೀಲದ ಮೇಲ್ಭಾಗದಲ್ಲಿ ಇಟ್ಟುಕೊಂಡೆವು.

ನಾವು ಮೊದಲು ಇಳಿದುಕೊಂಡದ್ದು ವೆನಿಸ್ ನಗರದಲ್ಲಿ. ನೀರೇ ಅಲ್ಲಿನ ಬೀದಿ, ದೋಣಿಯೇ ಬಂಡಿ. ನಿಕೊಲೊ ಕಾಂಟಿ ಎಂಬ ವರ್ತಕ ಈ ವೆನಿಸ್ ರಾಜ್ಯದವನು. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಪೂರ್ವದೇಶಗಳನ್ನು ಸುತ್ತಿದ ಆತ ಸುಮಾರು 1420ರಲ್ಲಿ ವಿಜಯನಗರವನ್ನು ಕಂಡನು. ಕಡಿದಾದ ಬೆಟ್ಟಗಳ ನಡುವಣ ನಗರ. ಅದರ ಸುತ್ತಳತೆ ಅರವತ್ತು ಮೈಲಿ. ಬೆಟ್ಟವನ್ನೇರಿ ಕಣಿವೆಗಳನ್ನು ಒಳಗೊಂಡ ಕೋಟೆಗೋಡೆ. ಆಯುಧ ಹಿಡಿಯಬಲ್ಲ ತೊಂಬತ್ತು ಸಾವಿರ ಜನ ಎಂದು ಆತ ಹೇಳಿದ್ದಾನೆ. ಹಬ್ಬದ ದಿನಗಳಲ್ಲಿ ಗುಡಿಗಳಲ್ಲಿಯೂ ಮಾಳಿಗೆಗಳ ಮೇಲೂ ಹಗಲಿರುಳು ಉರಿಯುತ್ತಿದ್ದ ದೀಪಗಳನ್ನೂ, ರಾಜರಾಣಿಯರೆಂಬ ಭೇದವಿಲ್ಲದೆ ದಾರಿಯಲ್ಲಿ ಸಾಗಿದವರ ಮೇಲೆಲ್ಲ ಎರಚುತ್ತಿದ್ದ ಕೇಸರಿಯ ನೀರನ್ನೂ ಆತ ನೆನೆದಿದ್ದಾನೆ. ನಮ್ಮ ದೀಪಾವಳಿ, ಹೋಳಿಗಳ ವರ್ಣನೆಯನ್ನು ವೆನಿಸಿನ ಕಾಲುವೆಯ ದಂಡೆಯ ಮೇಲೆ ಕುಳಿತು ಕೇಳಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ.

ಅದೇ ವೆನಿಸಿನಿಂದ ಹೊರಟ ಮತ್ತೊಬ್ಬ ವರ್ತಕ ಸೀಸರ್ ಫ್ರೆಡರಿಕ್. ಆತ ಬಂದದ್ದು 1567ರಲ್ಲಿ, ಎಂದರೆ 1565ರ ರಕ್ಕಸತಂಗಡಿಯ ಯುದ್ಧ ಮುಗಿದು ಎರಡು ವರ್ಷಗಳಾದ ಮೇಲೆ. ದಾರಿಯಲ್ಲಿ ಕಳ್ಳರ ಭಯವಿದ್ದುದರಿಂದ ಏಳು ತಿಂಗಳು ಆತ ಆ ನಗರದಲ್ಲಿಯೇ ಉಳಿಯಬೇಕಾಯಿತು. ಮನೆಗಳು ನಿಂತೇ ಇವೆ, ಆದರೆ ಒಳಗೆ ಜನರಿಲ್ಲ. ಹುಲಿ ಮೊದಲಾದ ಕಾಡುಮೃಗಗಳು ವಾಸವಾಗಿವೆ ಎಂದು ಆತ ಬರೆದನು. ಒಂದೇ ಪುಸ್ತಕದಲ್ಲಿ ಕೆಲವು ಹಾಳೆಗಳ ಅಂತರದಲ್ಲಿ ದೀಪದ ನಗರವನ್ನೂ ಹುಲಿಯ ನಗರವನ್ನೂ ಓದಿದ ನನ್ನ ಪತ್ನಿ ಆ ರಾತ್ರಿ ಬಹಳ ಹೊತ್ತು ಮಾತನಾಡಲಿಲ್ಲ.

ವೆನಿಸಿನಿಂದ ನಾವು ರೈಲಿನಲ್ಲಿ ಫ್ಲಾರೆನ್ಸ್ ನಗರಕ್ಕೆ ಬಂದೆವು. ಕಾಂಟಿಯ ಕಥೆ ಅಕ್ಷರರೂಪ ತಾಳಲು ಕಾರಣವಾದ ನಗರವಿದು. ಹಿಂದಿರುಗುವ ದಾರಿಯಲ್ಲಿ ತನ್ನವರ ಪ್ರಾಣವನ್ನು ಉಳಿಸುವುದಕ್ಕಾಗಿ ಕಾಂಟಿ ತನ್ನ ಧರ್ಮವನ್ನು ತೊರೆಯಬೇಕಾಗಿ ಬಂದಿತ್ತು. ಅದಕ್ಕೆ ಕ್ಷಮೆ ಬೇಡಲು ಆತ ಫ್ಲಾರೆನ್ಸಿನಲ್ಲಿದ್ದ ನಾಲ್ಕನೆಯ ಯೂಜೀನಿಯಸ್ ಪೋಪರ ಬಳಿಗೆ ಬಂದನು. ಪೋಪರ ಕಾರ್ಯದರ್ಶಿಯಾಗಿದ್ದ ಪೊಗ್ಗಿಯೊ ಎಂಬ ವಿದ್ವಾಂಸನು ಆತನ ಬಾಯಿಂದ ಪ್ರವಾಸದ ವಿವರಗಳನ್ನೆಲ್ಲ ಕೇಳಿ ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು.

ನಾನು ಇದನ್ನು ಅಭಿಮಾನದಿಂದ ಹೇಳುತ್ತಿದ್ದಾಗ ಆಕೆ ನಡುವೆಯೇ ಕೇಳಿದಳು: "ಆತನ ಹೆಂಡತಿಯ ಹೆಸರೇನು?"

ಪ್ರಶ್ನೆ ಸಣ್ಣದು. ಆದರೆ ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಕಾಂಟಿಯ ಬಹುಪಾಲು ಪ್ರಯಾಣಗಳಲ್ಲಿ ಹೆಂಡತಿ ಮಕ್ಕಳು ಆತನ ಜೊತೆಯಲ್ಲಿಯೇ ಇದ್ದರು. ಮರಳಿ ಬರುವಾಗ ಈಜಿಪ್ಟಿನಲ್ಲಿ ಪ್ಲೇಗು ಬಡಿದು ಆ ಹೆಂಡತಿಯೂ ಇಬ್ಬರು ಮಕ್ಕಳೂ ತೀರಿಕೊಂಡರು. "ಆಕೆಯೂ ಕಡಲು ದಾಟಿದಳು, ಬಿಸಿಲಿನಲ್ಲಿ ನಡೆದಳು, ಮಕ್ಕಳನ್ನು ಎತ್ತಿಕೊಂಡಳು. ನಮ್ಮ ತುಂಗಭದ್ರೆಯ ನೀರನ್ನು ಕುಡಿದಿದ್ದರೂ ಕುಡಿದಿರಬಹುದು. ಪೊಗ್ಗಿಯೊ ಆಕೆಯನ್ನೂ ಕೇಳಿ ಬರೆಯುವಂತಾಗಿದ್ದರೆ ವಿಜಯನಗರದ ಅಡುಗೆಮನೆ, ನೀರಿನ ಬಾವಿ, ಹೆಂಗಸರ ಮಾತು ಎಲ್ಲವೂ ನಮಗೆ ತಿಳಿಯುತ್ತಿದ್ದವು" ಎಂದಳು. ಅರವತ್ತು ಮೈಲಿಯ ಕೋಟೆಗಿಂತ ಆ ಹೆಸರಿಲ್ಲದ ಹೆಂಗಸೇ ಆಕೆಗೆ ಹತ್ತಿರದವಳಾದಳು. ಆ ರಾತ್ರಿಯಿಂದ ಆಕೆ ದಿನಚರಿಯನ್ನು ಬರೆಯತೊಡಗಿದಳು.

ರೋಮಿಗೆ ಸಾಗುವ ರೈಲಿನಲ್ಲಿ ನನ್ನ ಪಾಲಿನ ಪುಸ್ತಕದ ಸರದಿ ಬಂದಿತು. ಡೆಲ್ಲಾ ವಲ್ಲೆ 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದವನು. ಘಟ್ಟವನ್ನೇರಿ ಬರುವ ದಾರಿಯಲ್ಲಿ ಒಂದು ದೇವಾಲಯದ ಮುಖಮಂಟಪದಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಆತ ಕಂಡನು. ನೆಲದ ಮೇಲೆ ನುಣುಪಾದ ಮರಳನ್ನು ಹರಡಿಕೊಂಡು, ಒಬ್ಬನು ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯುವನು. ಉಳಿದವರೂ ಹಾಗೆಯೇ ಹಾಡಿ ಬರೆಯುವರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವರು. ಕಾಗದವಿಲ್ಲ, ಲೇಖನಿಯಿಲ್ಲ, ಬಳಿಯಲ್ಲಿ ಗುರುವೂ ಇಲ್ಲ. ಪಾಠದಲ್ಲಿ ಏನಾದರೂ ಮರೆತುಹೋದರೆ ತಿದ್ದುವವರು ಯಾರು ಎಂದು ಆತ ಕೇಳಿದನು. ನಾಲ್ವರೂ ಒಂದೇ ಭಾಗವನ್ನು ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ. ಒಬ್ಬನು ತಪ್ಪಿದರೆ ಮಿಕ್ಕವರು ತಿದ್ದುತ್ತಾರೆ ಎಂಬ ಅರ್ಥದ ಉತ್ತರ ಆ ಮಕ್ಕಳಿಂದ ಬಂದಿತು.

ನಾನು ಓದುವುದನ್ನು ನಿಲ್ಲಿಸಿ ಆಕೆಯ ಮುಖ ನೋಡಿದೆ. ನಮ್ಮ ಕರಾರಿನ ಮರ್ಮವನ್ನು ನಾಲ್ಕು ನೂರು ವರ್ಷಗಳ ಹಿಂದೆಯೇ ಮಲೆನಾಡಿನ ಆ ಹುಡುಗರು ಹೇಳಿಬಿಟ್ಟಿದ್ದರು. ಕೋಟೆಯನ್ನು ಕಾಣುವ ಕಣ್ಣು ಒಂದು. ಕೋಟೆಯೊಳಗಿನ ಮನೆಯನ್ನು ಕಾಣುವ ಕಣ್ಣು ಇನ್ನೊಂದು. ಇಬ್ಬರೂ ಒಂದೇ ಕಡೆ ಕುರುಡಾಗುವುದಿಲ್ಲ.

ರೋಮಿನಲ್ಲಿ ಪುರಾತನ ಫೋರಂ ಎಂಬ ಪಾಳುಬಿದ್ದ ನಗರಮಧ್ಯದ ಮೈದಾನವನ್ನು ನೋಡಿದೆವು. ಒಂದು ಕಾಲದಲ್ಲಿ ಜಗತ್ತನ್ನೇ ಆಳಿದವರ ಸಭಾಭವನಗಳೂ ದೇವಾಲಯಗಳೂ ಅಲ್ಲಿದ್ದವು. ಮುಂದೆ ಅವೆಲ್ಲ ಮಣ್ಣಿನಲ್ಲಿ ಹುದುಗಿ, ಶತಮಾನಗಳ ಕಾಲ ಅಲ್ಲಿ ದನಗಳು ಮೇಯುತ್ತಿದ್ದವು. ಜನ ಆ ಸ್ಥಳವನ್ನು ದನಗಳ ಬಯಲೆಂದೇ ಕರೆಯುತ್ತಿದ್ದರು. ಮುರಿದ ಕಂಬಗಳ ನಡುವೆ ನಿಂತಾಗ ನಮಗೆ ಅದು ಪರದೇಶವೆನಿಸಲಿಲ್ಲ. ಹಂಪಿಯ ಬಜಾರದ ಕಲ್ಲುಮಂಟಪಗಳನ್ನು ನೋಡುತ್ತ ಬೆಳೆದವರಿಗೆ ಕಾಲದ ಭಾಷೆಯನ್ನು ಅನುವಾದಿಸಿ ಹೇಳಬೇಕಾಗಿಲ್ಲ.

ಫೋರಮ್ಮಿನ ಪಕ್ಕದ ಗುಡ್ಡದ ಮೇಲೆ ಅರಾಚೆಲಿ ಎಂಬ ಇಗರ್ಜಿಯಿದೆ. ಅದಕ್ಕೆ 124 ಅಮೃತಶಿಲೆಯ ಮೆಟ್ಟಿಲುಗಳು. ನಡುನಡುವೆ ನಿಂತು ಉಸಿರು ತೆಗೆದುಕೊಂಡು ಹತ್ತಿದೆವು. ಡೆಲ್ಲಾ ವಲ್ಲೆ ಬಾಗ್ದಾದಿನಲ್ಲಿ ಮಾನಿ ಎಂಬ ಯುವತಿಯನ್ನು ಮದುವೆಯಾಗಿದ್ದನು. ದೇಶದೇಶಗಳಲ್ಲಿ ಜೊತೆಗೆ ಅಲೆದ ಆಕೆ 1621ರ ಕೊನೆಯಲ್ಲಿ ಪರ್ಷಿಯದಲ್ಲಿ ಕಾಯಿಲೆಯಿಂದ ಸತ್ತಳು. ಆಕೆಯನ್ನು ಅಲ್ಲಿ ಬಿಟ್ಟುಬರಲಾರದೆ ಆತ ದೇಹವನ್ನು ಕರ್ಪೂರದಿಂದ ಕೆಡದಂತೆ ಮಾಡಿ, ಪೆಟ್ಟಿಗೆಯಲ್ಲಿಟ್ಟು ತನ್ನೊಡನೆ ತಂದನು. 1627ರಲ್ಲಿ ಈ ಇಗರ್ಜಿಯಲ್ಲಿ ಸಮಾಧಿ ಮಾಡಿದನು. 1652ರಲ್ಲಿ ತೀರಿಕೊಂಡ ಆತನಿಗೂ ಇದೇ ವಿಶ್ರಾಂತಿಯ ಸ್ಥಳ. ಕಾಂಟಿಯ ಹೆಂಡತಿಯ ಹೆಸರು ಉಳಿಯಲಿಲ್ಲ; ಮಾನಿಯ ಹೆಸರು ಗಂಡನ ಪತ್ರಗಳಲ್ಲಿ ಉಳಿಯಿತು.

"ಹೆಂಗಸರನ್ನು ನೋಡಲು ಬಲ್ಲವನಾದುದರಿಂದಲೇ ಆತ ನಮ್ಮ ಉಳ್ಳಾಲದ ರಾಣಿಯನ್ನೂ ಚೆನ್ನಾಗಿ ನೋಡಿದ್ದಾನೆ. ಅದಕ್ಕೇ ಈ ಪುಸ್ತಕವನ್ನು ನಿಮಗೆ ಕೊಟ್ಟೆ" ಎಂದಳು ನನ್ನ ಪತ್ನಿ. ನಿಜ. ಗದ್ದೆಗಳಿಗೆ ನೀರು ಹರಿಸುವ ಕಾಲುವೆಯ ಅಗೆತವನ್ನು ನೋಡಿಕೊಳ್ಳಲು ಬರಿಗಾಲಿನಲ್ಲಿ ಬಂದಿದ್ದ ಆ ರಾಣಿಯ ಉಡುಪಿನಲ್ಲಿ ಆತನಿಗೆ ರಾಜವೈಭವ ಕಾಣಲಿಲ್ಲ. ಆದರೆ ಮಾತು ಕೇಳಿದಾಗ ಆಕೆಯ ಘನತೆ ತಿಳಿಯಿತು. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ನೀರಿನಿಂದ ಇಂದಿಗೂ ಬಾಳೆ ಕಬ್ಬು ಬೆಳೆಯುವ ನಮ್ಮ ಕಡೆಯವರಿಗೆ, ಕಾಲುವೆಯ ದಂಡೆಯ ಮೇಲೆ ನಿಂತ ರಾಣಿಗಿಂತ ದೊಡ್ಡ ರಾಣಿ ಯಾರಿದ್ದಾರು!

ಒಬ್ಬರು ಇನ್ನೊಬ್ಬರಿಗೆ ಪುಸ್ತಕವನ್ನು ಕೊಟ್ಟು ಓದೆಂದು ಹೇಳುವುದು ಬರಿಯ ಉಪಚಾರವಲ್ಲ. 'ನಾನು ಕಂಡದ್ದನ್ನು ನೀನೂ ನೋಡು. ನನಗೆ ಕಾಣದೆ ಉಳಿದದ್ದು ನಿನಗೆ ಕಂಡರೆ ಹೇಳು' ಎಂಬ ಬೇಡಿಕೆ ಅದರಲ್ಲಿದೆ. ಇದಕ್ಕೆ ಇಟಲಿಯವರೆಗೆ ಹೋಗಬೇಕಾಗಿಲ್ಲ. ನಿಮ್ಮ ಊರಿನ ಗುಡಿಯನ್ನೋ ಕೆರೆಯನ್ನೋ ಶಾಸನವನ್ನೋ ನೋಡಹೊರಟಾಗ ಜೊತೆಗೊಬ್ಬ ಗೆಳೆಯನಿರಲಿ, ಗೆಳತಿಯಿರಲಿ, ಅಜ್ಜಿಯೇ ಇರಲಿ. ನೀವು ಓದಿದ್ದನ್ನು ಅವರಿಗೆ ಹೇಳಿ; ಅವರು ಕಂಡದ್ದನ್ನು ಕೇಳಿ. ಕೇಳಿದ್ದನ್ನು ಬರೆದಿಡುವಾಗ ಹೇಳಿದವರ ಹೆಸರನ್ನು ಮಾತ್ರ ಬಿಡಬೇಡಿ.

ನನ್ನ ಪತ್ನಿಯ ದಿನಚರಿ ಈಗ ಮಲಪನಗುಡಿಯ ನಮ್ಮ ಮನೆಯಲ್ಲಿ, ಸೀವೆಲ್, ಡೆಲ್ಲಾ ವಲ್ಲೆ, ಕಾರಂತರ ಪುಸ್ತಕಗಳ ಸಾಲಿನಲ್ಲಿದೆ. ಅದರಲ್ಲಿ ಕೋಟೆಗಳ ಅಳತೆ ಕಡಿಮೆ. ನೀರಿನ ನಲ್ಲಿಗಳು, ರೊಟ್ಟಿಯ ಬೆಲೆ, ರೈಲಿನಲ್ಲಿ ಕಿತ್ತಳೆ ಹಣ್ಣು ಕೊಟ್ಟ ಮುದುಕಿ ಇವೆಲ್ಲ ಇವೆ. ಮೊದಲ ಪುಟದಲ್ಲಿ ನಮ್ಮಿಬ್ಬರ ಹೆಸರುಗಳೂ ಇವೆ. ಆಕೆಯದು ಮೊದಲು, ನನ್ನದು ಆಮೇಲೆ.